ಗೆರೆ ಎಳೆದದ್ದು ನಾನು

ಫೆಬ್ರವರಿ 3

ಅತ್ತಿಗೆ,

ಹಾಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ನೀವೂ ಅಣ್ಣನೂ ಬೇರೆಯಾಗಿ ಎರಡು ವರ್ಷವಾಯಿತು. ಆದರೆ ನಿಮ್ಮನ್ನು ಬೇರೆ ಹೆಸರಿನಿಂದ ಕರೆದು ನನಗೆ ಅಭ್ಯಾಸವಿಲ್ಲ, ಇದನ್ನೇ ಇಟ್ಟುಕೊಳ್ಳಿ. ಫೋನ್ ಮಾಡಬಹುದಿತ್ತು. ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೆ ಜಗಳ, ನಾಲ್ಕನೆಯದಕ್ಕೆ ಅಳು. ನಿಮ್ಮ ಆಫೀಸಿನ ಮೇಲ್‌ಗೆ ಬರೆದರೆ ಯಾರು ಯಾರು ಓದುತ್ತಾರೋ. ಕಾಗದವಾದರೆ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ.

ನನ್ನನ್ನು ಆಸ್ಪತ್ರೆಯಿಂದ ಸಸ್ಪೆಂಡ್ ಮಾಡಿದ್ದಾರೆ. ಕಾರಣ ನಿಮ್ಮ ಕಂಪನಿ ಮಾಡಿ ಮಾರುವ ಎಡಿಟರ್ ತಂತ್ರಾಂಶ.

ಅದರಲ್ಲಿ ಕೆಲಸ ಹೇಗೆಂದು ನಿಮಗೆ ಗೊತ್ತು. ಪರದೆಯ ಮೇಲೆ ಚೌಕಗಳನ್ನು ಇಡುವುದು, ಗೆರೆ ಎಳೆದು ಒಂದಕ್ಕೊಂದು ಜೋಡಿಸುವುದು, ಯಾವುದಾದ ಮೇಲೆ ಯಾವುದು ನಡೆಯಬೇಕೋ ಅದು ತಾನಾಗಿ ನಡೆಯುವುದು. ನಮ್ಮ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅದರಿಂದ ಏನು ಮಾಡಿಸುತ್ತಿದ್ದೆವು ಎಂದು ಮಾತ್ರ ಹೇಳುತ್ತೇನೆ. ಯಂತ್ರದಿಂದ ಫಲಿತಾಂಶ ಬರುತ್ತದೆ. ಪೊಟ್ಯಾಸಿಯಂ ಅಪಾಯದ ಮಟ್ಟ ದಾಟಿದ್ದರೆ ಒಂದು ಗೆರೆ ಡಾಕ್ಟರಿಗೆ, ಇನ್ನೊಂದು ಗೆರೆ ವಾರ್ಡಿನ ನರ್ಸಿನ ಫೋನಿಗೆ. ಆಕೆ ಒತ್ತಿ ಸುಮ್ಮನಾಗಿಸುವ ತನಕ ಫೋನು ಬಾಯಿ ಬಡಿದುಕೊಳ್ಳುತ್ತಲೇ ಇರುತ್ತದೆ. ಭಾನುವಾರ ವಾರ್ಡಿಗೆ ಬೇರೆ ನರ್ಸು, ಬೇರೆ ಫೋನು. ಅದಕ್ಕೆ ಬೇರೆ ಚೌಕ, ಬೇರೆ ಗೆರೆ. ಎಲ್ಲ ಕೂತು ಬರೆದವಳು ನಾನು, ಲ್ಯಾಬಿನ ಮೇಲ್ವಿಚಾರಕಿ.

ಜನವರಿಯ ಒಂದು ಭಾನುವಾರ, ನಿವೃತ್ತ ಬಸ್ ಕಂಡಕ್ಟರ್ ಒಬ್ಬರ ಪೊಟ್ಯಾಸಿಯಂ ಏರಿತ್ತು. ಡಾಕ್ಟರು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದರು. ನರ್ಸಿನ ಫೋನು ಕೂಗಲಿಲ್ಲ. ಮಧ್ಯಾಹ್ನ ಕಂಡಕ್ಟರಜ್ಜನ ಹೃದಯ ನಿಂತೇಬಿಟ್ಟಿತು. ಪಕ್ಕದ ಹಾಸಿಗೆಯವರು ಕಿರುಚಿದ್ದರಿಂದ ಜನ ಓಡಿ ಬಂದರು. ಜೀವ ಬಂತು. ಮಾತು ಬಂದಿಲ್ಲ.

ಸೋಮವಾರ ಎಡಿಟರ್ ತೆರೆದರೆ ಭಾನುವಾರದ ಚೌಕವೂ ಇಲ್ಲ, ಗೆರೆಯೂ ಇಲ್ಲ. ನಿಮ್ಮ ಕಂಪನಿಯ ಪ್ರತಿನಿಧಿ ಬರೆದುಕೊಟ್ಟರು: ಬಳಕೆದಾರರು ಗೆರೆ ಎಳೆದಿಲ್ಲ.

ಆಡಳಿತಾಧಿಕಾರಿ ನನ್ನನ್ನು ಕೂರಿಸಿಕೊಂಡು, “ಎಳೆಯೋದು ಮರೆತೆ ಅಂತ ಒಂದು ಸಹಿ ಹಾಕಮ್ಮ. ಎಚ್ಚರಿಕೆ ಕೊಟ್ಟು ವಾಪಸ್ ತಗೋತೀವಿ. ಮನುಷ್ಯರು ಅಂದಮೇಲೆ ತಪ್ಪು ಸಹಜ,” ಎಂದರು.

“ಮಾಡಿದ್ರೆ ಸಹಜ ಸಾರ್. ಮಾಡದೇ ಇದ್ರೆ?” ಎಂದೆ. ಅದಕ್ಕೆ ಸಸ್ಪೆಂಡ್.

ಒಂದೇ ಪ್ರಶ್ನೆ. ಎಳೆದ ಗೆರೆ ತಾನಾಗಿ ಮಾಯವಾಗುತ್ತದೆಯೇ? ಹೌದು ಅಥವಾ ಇಲ್ಲ ಎಂದು ಬರೆಯಿರಿ. ಬೇರೆ ಯಾವ ವಿಷಯವನ್ನೂ ನಾನು ಕೇಳುವುದಿಲ್ಲ, ನೀವೂ ಕೇಳಬೇಡಿ.

ಮೆಣಸಿನಕಾಳು
(ಹೆಸರಿಟ್ಟವರು ನೀವೇ. ಈಗ ಯಾರೂ ಹಾಗೆ ಕರೆಯುವುದಿಲ್ಲ.)

---

ಫೆಬ್ರವರಿ 12

ನಿನ್ನ ಪತ್ರ ತಲುಪಿತು. ನಡೆದದ್ದನ್ನು ತಿಳಿದು ವಿಷಾದವಾಯಿತು. ಗ್ರಾಹಕರ ಕಡೆ ವಿಚಾರಣೆ ನಡೆಯುತ್ತಿರುವಾಗ ಸಂಸ್ಥೆಯ ಉದ್ಯೋಗಿಗಳು ಅದರ ಬಗ್ಗೆ ಅಭಿಪ್ರಾಯ ಹೇಳುವಂತಿಲ್ಲ. ನಮ್ಮ ಎಡಿಟರಿನಲ್ಲಿ ಗೆರೆಗಳು ತಾವಾಗಿ ಅಳಿದುಹೋದ ಪ್ರಕರಣ ಇದುವರೆಗೆ ವರದಿಯಾಗಿಲ್ಲ. ನಿಮ್ಮ ಆಸ್ಪತ್ರೆಯವರು ಗ್ರಾಹಕ ಸೇವಾ ವಿಭಾಗವನ್ನು ಸಂಪರ್ಕಿಸುವುದು ಸೂಕ್ತ.

ಆರೋಗ್ಯ ನೋಡಿಕೋ.

ಹಿತೈಷಿ

ಮರೆತಿದ್ದೆ: ನಿನ್ನ ಅಕ್ಷರ ಈಗಲೂ ಇರುವೆ ಸಾಲಿನ ಹಾಗೇ ಇದೆ.

---

ಫೆಬ್ರವರಿ 17

ಹಿತೈಷಿಗಳೇ,

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಕಡೆಯವರೆಗೆ ಕೇಳಿಸಿಕೊಂಡು, “ಬ್ಯಾಂಕಿನಿಂದ ಬಂತಾ?” ಎಂದರು. ನಿಮ್ಮಿಂದ ಎಂದೆ. ಎದ್ದು ಒಳಗೆ ಹೋದರು.

ನಿಮ್ಮ ‘ಸೂಕ್ತ’ವನ್ನು ನೀವೇ ಇಟ್ಟುಕೊಳ್ಳಿ. ಆಗಲ್ಲ ಎಂದು ಒಂದೇ ಪದ ಬರೆದಿದ್ದರೆ ಅರ್ಧ ಸಿಟ್ಟು ಇಳಿಯುತ್ತಿತ್ತು.

ಇಲ್ಲಿ ಎಲ್ಲರೂ ಒಂದೇ ರಾಗ. ಅಣ್ಣ ಊಟಕ್ಕೆ ಬಂದಾಗಲೆಲ್ಲ, “ಸಹಿ ಹಾಕಿ ಕೈ ತೊಳ್ಕೋ. ಗಾಳಿಗೆ ಗುದ್ದಿ ಮೈ ನೋಯಿಸ್ಕೋಬೇಡ,” ಎನ್ನುತ್ತಾನೆ. ಅಮ್ಮನೂ ಅದನ್ನೇ ಹೇಳುತ್ತಾರೆ, ಸ್ವಲ್ಪ ಬೆಣ್ಣೆ ಹಚ್ಚಿ. ಲ್ಯಾಬಿನ ಗೆಳತಿಯರು ದಾರಿಯಲ್ಲಿ ಸಿಕ್ಕರೆ ಚಪ್ಪಲಿ ನೋಡುತ್ತಾ ಮಾತಾಡುತ್ತಾರೆ.

ಮೊನ್ನೆ ವಾರ್ಡಿಗೆ ಹೋಗಿದ್ದೆ. ಕಂಡಕ್ಟರಜ್ಜನ ಹೆಂಡತಿ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತು ಗಂಡನ ಉಗುರು ಕತ್ತರಿಸುತ್ತಿದ್ದರು. ತಲೆ ಎತ್ತದೆಯೇ ಕೇಳಿದರು.

“ನೀನೇನಾ ಆ ಗೆರೆ ಹುಡುಗಿ?”

“ಹೌದು ಅಜ್ಜಿ.”

“ಮರೆತೆಯಾ?”

“ಇಲ್ಲ.”

“ಮತ್ತೆ ಫೋನು ಯಾಕೆ ಕೂಗಲಿಲ್ಲ?”

“ಗೊತ್ತಿಲ್ಲ.”

“ತಿಳ್ಕೊಂಡು ಬಾ. ಅಲ್ಲೀವರೆಗೆ ಕ್ಷಮೆ ಗಿಮೆ ಅಂತ ಈ ಕಡೆ ಬರಬೇಡ. ನನಗೆ ಕ್ಷಮಿಸೋಕೆ ಪುರುಸೊತ್ತಿಲ್ಲ.”

ನಿಮಗೆ ಮಾತ್ರ ಹೇಳುತ್ತೇನೆ: ಬರಬರುತ್ತಾ ನನಗೇ ಅನುಮಾನ ಶುರುವಾಗಿದೆ. ತರಕಾರಿ ಹೆಚ್ಚುತ್ತಾ ಇದ್ದಕ್ಕಿದ್ದ ಹಾಗೆ ಕೈ ನಿಲ್ಲುತ್ತದೆ. ನಿಜವಾಗಿ ಎಳೆದಿದ್ದೆನೇ? ಎಳೆಯಬೇಕು ಅಂದುಕೊಂಡದ್ದನ್ನೇ ಎಳೆದದ್ದು ಎಂದು ನೆನಪಿಸಿಕೊಳ್ಳುತ್ತಿದ್ದೇನೆಯೇ?

ತಪ್ಪು ನನ್ನದಾದರೆ ನಾನೇ ಅಜ್ಜಿಯ ಮುಂದೆ ನಿಂತು ಹೇಳುತ್ತೇನೆ. ಬೇರೆಯವರು ಬರೆದುಕೊಟ್ಟ ತಪ್ಪಿಗೆ ಸಹಿ ಹಾಕುವುದಿಲ್ಲ. ಸತ್ತರೂ ಇಲ್ಲ. ಇನ್ನು ನಿಮಗೆ ಬರೆಯುವುದೂ ಇಲ್ಲ.

ಗ್ರಾಹಕಿ

---

ಮಾರ್ಚ್ 1

ಮೆಣಸಿನಕಾಳೇ,

ಬ್ಯಾಂಕಿನಿಂದ ಬಂದ ಕಾಗದವನ್ನು ಹರಿದು ಒಲೆಗೆ ಹಾಕು. ಅದನ್ನು ಆಫೀಸಿನ ಮೇಜಿನಲ್ಲಿ ಬರೆದಿದ್ದೆ. ಇದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬರೆಯುತ್ತಿದ್ದೇನೆ. ಎಣ್ಣೆಯ ಕಲೆ ಕಂಡರೆ ಗಾಬರಿಯಾಗಬೇಡ.

ನಿನ್ನ ಪ್ರಶ್ನೆಗೆ ಉತ್ತರ: ಹೌದು.

ಕಳೆದ ವರ್ಷ ಎಡಿಟರಿಗೆ ಹೊಸ ಸೌಲಭ್ಯ ಸೇರಿಸಿದರು. ಹೆಸರು ‘ಅಚ್ಚುಕಟ್ಟು’. ಒಂದೇ ರೀತಿ ಕಾಣುವ ಎರಡು ಚೌಕ ಸಿಕ್ಕರೆ ಅದು ಯಾರನ್ನೂ ಕೇಳದೆ ಎರಡನ್ನೂ ಸೇರಿಸಿ ಒಂದು ಮಾಡುತ್ತದೆ; ಎರಡನೆಯದು ತನ್ನ ಗೆರೆಯ ಸಮೇತ ಹೋಗುತ್ತದೆ. ಚಿತ್ರ ಚೊಕ್ಕಟವಾಗಿ ಕಾಣಲಿ ಎಂದು. ನಮ್ಮ ಮುಖ್ಯಸ್ಥರಿಗೆ ಅದರ ಮೇಲೆ ಪಂಚಪ್ರಾಣ. ನಿನ್ನ ವಾರದ ಚೌಕಕ್ಕೂ ಭಾನುವಾರದ ಚೌಕಕ್ಕೂ ಹೆಸರು ಒಂದೇ, ಸಂದೇಶ ಒಂದೇ, ಒಳಗಿನ ಫೋನ್ ನಂಬರ್ ಮಾತ್ರ ಬೇರೆ ಇದ್ದಿರಬೇಕು. ಅಚ್ಚುಕಟ್ಟಿಗೆ ನಂಬರ್ ಕಾಣುವುದಿಲ್ಲ. ಇನ್ನೊಂದು ಕೇಡು ಏನೆಂದರೆ, ಎಡಿಟರನ್ನು ಮುಚ್ಚಿ ತೆರೆಯುವವರೆಗೆ ಪರದೆಯ ಮೇಲೆ ಹಳೆಯ ಚಿತ್ರವೇ ಇರುತ್ತದೆ. ಶನಿವಾರ ನೀನು ನೋಡಿದಾಗ ಗೆರೆ ಇತ್ತು ಅಲ್ಲವೇ? ಕಣ್ಣಿಗೆ ಇತ್ತು. ಒಳಗೆ ಇರಲಿಲ್ಲ.

ಇದು ನನ್ನ ಊಹೆ. ಊಹೆಯನ್ನು ಹಿಡಿದು ವಿಚಾರಣೆಗೆ ಹೋಗಬೇಡ. ನೋಡುವ ದಾರಿ ಹೇಳುತ್ತೇನೆ.

ಈ ಕಂಪನಿ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿದ್ದ ಕಾಲಕ್ಕೆ, ಕಟ್ಟುವವರ ಬಳಕೆಗೆ ಅಂತ ನಾನೊಂದು ಡೆವಲಪರ್ ಮೆನು ಮಾಡಿದ್ದೆ. ಹೊರಗಿನ ಚಂದವನ್ನು ಸರಿಸಿ ಒಳಗೆ ಏನು ನಡೆಯುತ್ತಿದೆ ಎಂದು ನೋಡುವ ಕಿಟಕಿ ಅದು. ಎಡಿಟರ್ ತೆರೆದು ಕಂಟ್ರೋಲ್, ಶಿಫ್ಟ್ ಎರಡನ್ನೂ ಒತ್ತಿ ಹಿಡಿದು, ಮೇಲಿನ ಸಾಲಿನ ಕೊನೆಯ ಕೀ ಒತ್ತು. ಬಲಗಡೆ ಬೂದು ಬಣ್ಣದ ಪಟ್ಟಿ ಇಳಿಯುತ್ತದೆ. ಅದರಲ್ಲಿ ‘ಹಳೆಯ ಓಟ ಮತ್ತೆ ಓಡಿಸು’ ಎಂದಿದೆ. ಆ ಭಾನುವಾರವನ್ನು ಆರಿಸು. ಅವತ್ತು ಆದದ್ದೆಲ್ಲ ಆದ ಹಾಗೆಯೇ ಕಣ್ಣೆದುರು ಮತ್ತೆ ಆಗುತ್ತದೆ. ಕೆಳಗೆ ‘ಹೆಜ್ಜೆಗೊಮ್ಮೆ ನಿಲ್ಲು’ ಇದೆ, ಅದನ್ನೂ ಒತ್ತು. ಪ್ರತಿ ಚೌಕದ ಹತ್ತಿರ ನಿಂತು ನಿಂತು ಸಾಗುತ್ತದೆ. ಗೆರೆ ಕಡಿದ ಜಾಗ ಬಂದಾಗ ‘ಮುಟ್ಟಿದವರು ಯಾರು’ ಒತ್ತು. ಕೊನೆಯ ಸಲ ಅಲ್ಲಿ ಕೈಯಾಡಿಸಿದವರ ಹೆಸರು ಬರುತ್ತದೆ. ನಿನ್ನದಿದ್ದರೆ ನಿನ್ನದು. ಆ ಕಿಟಕಿಗೆ ನೀನು ನನ್ನ ನಾದಿನಿ ಎಂದು ಗೊತ್ತಿಲ್ಲ.

ಪಟ್ಟಿಯ ಕೊನೆಯಲ್ಲಿ ‘ನೆನಪು ಒರೆಸು’ ಎಂದಿದೆ. ಅದರ ಹತ್ತಿರ ಸುಳಿಯಬೇಡ, ಯಾರನ್ನೂ ಸುಳಿಯಗೊಡಬೇಡ. ಒತ್ತಿದರೆ ಹಳೆಯ ಓಟಗಳೆಲ್ಲ ಹೋಗುತ್ತವೆ.

ಕಳ್ಳದಾರಿಯಲ್ಲಿ ನುಸುಳಿ ನೋಡಬೇಡ. ಎಲ್ಲರೆದುರು ತೆರೆಸು. ಹೊತ್ತು ಮಾತ್ರ ಕಳೆಯಬೇಡ. ಮೇ ತಿಂಗಳ ಹೊಸ ಆವೃತ್ತಿಯಲ್ಲಿ ಈ ಮೆನುವನ್ನೇ ಕಿತ್ತುಹಾಕುತ್ತಾರೆ, ಹಳೆಯ ಓಟಗಳನ್ನೂ ಒರೆಸುತ್ತಾರೆ. ಗ್ರಾಹಕರಿಗೆ ಗೊಂದಲವಂತೆ. ಕೀಳುವ ಕೆಲಸವನ್ನು ನನಗೇ ಕೊಟ್ಟಿದ್ದಾರೆ. ಕಟ್ಟಿದವಳಿಗೆ ಕೆಡವುವುದು ಸುಲಭ ಎಂದು.

ಅತ್ತೆ ಒಳಗೆ ಹೋಗಿ ಏನು ಮಾಡಿದರು? ಬೇಡ, ಬರೆಯಬೇಡ.

ಅತ್ತಿಗೆ
(ಹೌದು, ಹಾಗೆಯೇ ಬರೆದಿದ್ದೇನೆ.)

---

ಮಾರ್ಚ್ 14

ಅತ್ತಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಓದಲಾಗದಿದ್ದರೆ ಇರುವೆಗಳನ್ನು ಬೈಯಿರಿ.

ವಿಚಾರಣೆ ಮೂರನೇ ಮಹಡಿಯ ಉದ್ದ ಮೇಜಿನ ಕೋಣೆಯಲ್ಲಿ. ಆಡಳಿತಾಧಿಕಾರಿ, ಹಿರಿಯ ಡಾಕ್ಟರಮ್ಮ, ನಿಮ್ಮ ಕಂಪನಿಯ ಪ್ರತಿನಿಧಿ. ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕಂಡಕ್ಟರಜ್ಜನ ಹೆಂಡತಿ. ಅವರನ್ನು ಯಾರೂ ಕರೆದಿರಲಿಲ್ಲ. ಹೊರಗೆ ಹೋಗಿ ಎನ್ನುವ ಧೈರ್ಯವೂ ಯಾರಿಗೂ ಬರಲಿಲ್ಲ.

ಡೆವಲಪರ್ ಮೆನು ತೆರೆದು ಆ ಭಾನುವಾರವನ್ನು ಮತ್ತೆ ಓಡಿಸಿ ತೋರಿಸಬೇಕು ಎಂದು ಕೇಳಿದೆ.

ಪ್ರತಿನಿಧಿ ಟೈ ಸರಿಮಾಡಿಕೊಂಡು ನಕ್ಕರು. “ಅಂಥ ಮೆನುವೇ ನಮ್ಮಲ್ಲಿಲ್ಲ ಮೇಡಂ. ಯಾರೋ ನಿಮಗೆ ತಪ್ಪು ಹೇಳಿದ್ದಾರೆ.”

ಪರದೆ ಗೋಡೆಯ ಮೇಲೆ ಕಾಣುತ್ತಿತ್ತು. ಕೀಬೋರ್ಡು ಮೇಜಿನ ನಡುವೆ ಇತ್ತು. “ಡಾಕ್ಟರೇ, ಮುಟ್ಟಲಾ?” ಎಂದೆ. ಡಾಕ್ಟರಮ್ಮ ಕೀಬೋರ್ಡನ್ನು ನನ್ನ ಕಡೆ ತಳ್ಳಿದರು. ಎರಡು ಕೀ ಹಿಡಿದೆ, ಮೂರನೆಯದು ಒತ್ತಿದೆ. ಬೂದು ಪಟ್ಟಿ ಸರ್ರನೆ ಇಳಿಯಿತು.

ಅಜ್ಜಿ ಮೂಲೆಯಿಂದ, “ಇಲ್ಲ ಅಂದದ್ದು ಇದನ್ನೇನಾ?” ಎಂದರು.

ಪ್ರತಿನಿಧಿಯ ಕಿವಿ ಕೆಂಪಾಯಿತು. ಆದರೂ ಬೇಗ ಸಾವರಿಸಿಕೊಂಡರು. “ಓ, ಇದಾ. ಸರಿ, ಮೊದಲು ಕೆಳಗಿನದು ಒತ್ತೋಣ. ಹಳೇ ಕಸ ಹೋದ್ರೆ ಸರಿಯಾಗಿ ಕಾಣುತ್ತೆ,” ಎನ್ನುತ್ತಾ ಎದ್ದು ಬಂದು ಮೌಸ್ ಹಿಡಿದರು. ಬಾಣದ ಗುರುತು ನೇರ ‘ನೆನಪು ಒರೆಸು’ ಕಡೆಗೆ ಇಳಿಯಿತು.

ನಾನು ಅವರ ಕೈಯನ್ನು ಮೌಸಿನ ಸಮೇತ ಹಿಡಿದೆ. ಅತ್ತಿಗೆ, ಮರ್ಯಾದಸ್ಥ ಗಂಡಸಿನ ಕೈಯನ್ನು ತುಂಬಿದ ಸಭೆಯಲ್ಲಿ ಹಾಗೆ ಅವಚಿ ಹಿಡಿದವಳು ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು. “ಕೈ ತೆಗೀರಿ. ಅದು ಕಸ ಅಲ್ಲ, ಅವತ್ತಿನ ಭಾನುವಾರ,” ಎಂದೆ. ಆಡಳಿತಾಧಿಕಾರಿ “ಏನಮ್ಮಾ ಇದು” ಎಂದು ಎದ್ದರು. ಡಾಕ್ಟರಮ್ಮ, “ಕೂತ್ಕೊಳ್ಳಿ, ಇಬ್ಬರೂ ಕೂತ್ಕೊಳ್ಳಿ. ಆಕೆ ಓಡಿಸಲಿ,” ಎಂದರು.

ಓಡಿಸಿದೆ. ಯಂತ್ರದಿಂದ ಫಲಿತಾಂಶ ಬಂತು, ಆ ಚೌಕ ಹಸಿರಾಯಿತು, ನಿಂತಿತು. ಮುಂದಕ್ಕೆ ಒತ್ತಿದೆ. ಅಪಾಯದ ಮಟ್ಟವೇ? ಹೌದು. ಹಸಿರು. ಡಾಕ್ಟರ ಗೆರೆ, ಹಸಿರು. ಮುಂದಕ್ಕೆ ಒತ್ತಿದೆ. ಏನೂ ಆಗಲಿಲ್ಲ. ಭಾನುವಾರದ ನರ್ಸಿನ ಗೆರೆ ಇರಬೇಕಾದ ಜಾಗ ಬೋಳಾಗಿತ್ತು. ಆ ಕ್ಷಣಕ್ಕೆ ನನಗೂ ಗೊತ್ತಿರಲಿಲ್ಲ, ನಿಮ್ಮಾಣೆ. ಹೆಸರು ನನ್ನದೇ ಬಂದರೆ ಅಜ್ಜಿಯ ಕಡೆ ತಿರುಗಿ ಕೈಮುಗಿಯಬೇಕು ಎಂದುಕೊಂಡು ‘ಮುಟ್ಟಿದವರು ಯಾರು’ ಒತ್ತಿದೆ.

ಎರಡು ಸಾಲು ಬಂತು. ಗೆರೆ ಎಳೆದವರು: ಲ್ಯಾಬ್ ಮೇಲ್ವಿಚಾರಕಿ. ಗೆರೆ ತೆಗೆದವರು: ಅಚ್ಚುಕಟ್ಟು.

“ಅಚ್ಚುಕಟ್ಟು ಅಂದ್ರೆ ಯಾರು? ಯಾವ ವಿಭಾಗದವರು?” ಎಂದು ಆಡಳಿತಾಧಿಕಾರಿ ಕೇಳಿದರು. ಅಷ್ಟು ಹೊತ್ತೂ ಬಿಗಿಹಿಡಿದಿದ್ದ ನನಗೆ ಬಿದ್ದು ಬಿದ್ದು ನಗುವ ಹಾಗಾಯಿತು. ನಗಲಿಲ್ಲ. ಪ್ರತಿನಿಧಿಯ ಕಡೆ ತೋರಿಸಿ, “ಇವರ ಮನೆಯವರು ಸಾರ್,” ಎಂದೆ.

ಹೊರಗೆ ಬಂದಾಗ ಅಜ್ಜಿ ನನ್ನ ಭುಜ ಹಿಡಿದು ನಿಲ್ಲಿಸಿದರು. ಏನೋ ಹೇಳುತ್ತಾರೆ ಎಂದುಕೊಂಡೆ. ಮೆಟ್ಟಿಲಿಳಿಯಲು ಆಸರೆ ಬೇಕಿತ್ತಷ್ಟೆ. ವಾರ್ಡಿನವರೆಗೂ ಹಾಗೇ ಹಿಡಿದುಕೊಂಡು ಬಂದರು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಮೆನು ತೋರಿಸಿಕೊಟ್ಟವರು ಯಾರು ಎಂದೂ ಹೇಳಿದೆ. ಅಣ್ಣನೂ ಅಲ್ಲಿಯೇ ಇದ್ದ. ಅವನು ತಟ್ಟೆ ಬಿಟ್ಟು ಎದ್ದ.

ನಿಮ್ಮ ಮೆಣಸಿನಕಾಳು

---

ಮಾರ್ಚ್ 26

ಕಾಳೇ,

ಶಭಾಷ್. ಪ್ರತಿನಿಧಿಯ ಕೈ ಹಿಡಿದ ಸುದ್ದಿ ನಿನ್ನ ಕಾಗದಕ್ಕಿಂತ ಮೊದಲೇ ಇಲ್ಲಿಗೆ ಬಂದಿತ್ತು. ಆಫೀಸಿನ ಟೀ ಯಂತ್ರದ ಹತ್ತಿರ ಇಡೀ ದಿನ ಅದೇ ಮಾತು.

ಮರುದಿನ ಮುಖ್ಯಸ್ಥರು ಗಾಜಿನ ಕೋಣೆಗೆ ಕರೆಸಿದರು. ಆ ಕೋಣೆಯಲ್ಲಿ ಬೈಸಿಕೊಳ್ಳುವವರು ಹೊರಗಿನವರಿಗೆಲ್ಲ ಕಾಣುತ್ತಾರೆ, ಕೇಳಿಸುವುದಿಲ್ಲ. ಅದಕ್ಕೇ ನಾನು ಬಾಗಿಲು ಮುಚ್ಚಲಿಲ್ಲ.

“ಆಸ್ಪತ್ರೆಯವರಿಗೆ ಮೆನು ತೋರಿಸಿದ್ದು ಯಾರು?”

“ನಾನು.”

ಹಾಗೆ ತಟ್ಟನೆ ಒಪ್ಪಿಕೊಳ್ಳುತ್ತೇನೆಂದು ಅವರು ಎಣಿಸಿರಲಿಲ್ಲ. “ಅದು ಒಳಗಿನವರ ಸಾಧನ.”

“ಒಳಗೆ ಕೆಟ್ಟರೆ ಹೊರಗೆ ಹೃದಯ ನಿಲ್ಲುತ್ತೆ ಸಾರ್. ಅವರಿಗೂ ನೋಡೋ ಹಕ್ಕಿದೆ. ಮೊದಲು ಕೈಪಿಡಿಯಲ್ಲೇ ಇತ್ತು. ಆ ಪುಟ ತೆಗೆಸಿದ್ದು ನೀವು.”

“ಸರಿ, ಆದದ್ದಾಯ್ತು. ಈ ವಾರವೇ ಅದನ್ನ ಕಿತ್ತು ಮುಗಿಸಿ.”

“ಕೀಳಲ್ಲ.”

“ಅಂದ್ರೆ?”

“ಅಂದ್ರೆ ಕೀಳಲ್ಲ. ಅಚ್ಚುಕಟ್ಟು ಏನಾದರೂ ತೆಗೆಯೋ ಮೊದಲು ಕೇಳೋ ಹಾಗೆ ಮಾಡಿ ಅನ್ನಿ, ಈಗಲೇ ಕೂತು ಮಾಡಿಕೊಡ್ತೀನಿ. ಕಿಟಕಿಗೆ ಇಟ್ಟಿಗೆ ಕಟ್ಟೋಕೆ ಬೇರೆಯವರನ್ನ ನೋಡ್ಕೊಳ್ಳಿ.”

ಹೊರಗೆ ಕೀಬೋರ್ಡುಗಳ ಸದ್ದೆಲ್ಲ ನಿಂತಿತ್ತು. ಸಂಜೆಯ ಹೊತ್ತಿಗೆ ನನ್ನ ಗುರುತಿನ ಚೀಟಿ ಬಾಗಿಲು ತೆರೆಯುವುದನ್ನು ನಿಲ್ಲಿಸಿತು. ಮುಂದಿನ ಆದೇಶದವರೆಗೆ ಮನೆಯಲ್ಲಿರಬೇಕಂತೆ.

ನೋಡು, ಈಗ ಅತ್ತಿಗೆ ನಾದಿನಿ ಇಬ್ಬರೂ ಸಸ್ಪೆಂಡ್. ನಿಮ್ಮಣ್ಣನಿಗೆ ಹೇಳಬೇಡ, ಬಾಯಿಗೆ ಸಕ್ಕರೆ ಹಾಕಿಕೊಂಡಾನು.

ನನ್ನ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಿದ್ದಾರೆ. ಮೇ ತಿಂಗಳಿಗೆ ಮೆನು ಹೋಗುವುದು ಹೋಗುತ್ತದೆ. ಒಬ್ಬಳು ಒಲ್ಲೆ ಎಂದರೆ ನಿಲ್ಲುವ ಬಂಡಿಯಲ್ಲ ಅದು. ಇದನ್ನು ಬರೆಯುವಾಗ ಕಣ್ಣಲ್ಲಿ ನೀರಿಲ್ಲ ಎಂದು ನಂಬು.

ಅತ್ತಿಗೆ

---

ಏಪ್ರಿಲ್ 10

ಅತ್ತಿಗೆ,

ಒಬ್ಬಳು ಒಲ್ಲೆ ಎಂದರೆ ತಾನೇ ನಿಲ್ಲದಿರುವುದು? ಕೇಳಿ.

ನನ್ನನ್ನು ಇನ್ನೂ ಕೆಲಸಕ್ಕೆ ಕರೆದಿಲ್ಲ. ವರದಿ ‘ಪರಿಶೀಲನೆಯಲ್ಲಿದೆ’. ಸುಮ್ಮನೆ ಕೂತರೆ ತುಕ್ಕು ಹಿಡಿಯುತ್ತೇನೆ ಎಂದು ನಮ್ಮ ಲ್ಯಾಬಿನವರ ಸಂಘದ ಸಭೆಗೆ ಹೋದೆ. ಊರಿನ ಎಲ್ಲ ಆಸ್ಪತ್ರೆಗಳ ಲ್ಯಾಬಿನವರೂ ಬರುತ್ತಾರೆ. ಅರ್ಧ ಜನರ ಹತ್ತಿರ ನಿಮ್ಮದೇ ಎಡಿಟರ್. ಸಭೆ ಯಾವಾಗಲೂ ಬಿಸ್ಕತ್ತಿನಲ್ಲಿ ಶುರುವಾಗಿ ಬಿಸ್ಕತ್ತಿನಲ್ಲಿ ಮುಗಿಯುತ್ತದೆ. ಈ ಸಲ ನಾನು ಬೋರ್ಡಿನ ಮುಂದೆ ನಿಂತು ಮೂರು ಕೀಗಳ ಚಿತ್ರ ಬರೆದೆ. ‘ನೆನಪು ಒರೆಸು’ ಕೆಳಗೆ ತಲೆಬುರುಡೆ ಬರೆದೆ.

ಮೊದಲು ಕೆಲವರು, “ನಮಗ್ಯಾಕಮ್ಮ ಒಳಗಿನ ಉಸಾಬರಿ, ನಡೀತಾ ಇದೆಯಲ್ಲ,” ಎಂದರು. “ನನ್ನದೂ ಶನಿವಾರದವರೆಗೆ ನಡೀತಾ ಇತ್ತು,” ಎಂದೆ. ರಕ್ತನಿಧಿಯ ದಪ್ಪ ಮೀಸೆಯವರೊಬ್ಬರು ಅಲ್ಲಿಯೇ ಲ್ಯಾಪ್‌ಟಾಪ್ ತೆರೆದು ಒತ್ತಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅವರದರಲ್ಲೂ ಒಂದು ಗೆರೆ ಇರಲಿಲ್ಲ. ಅವಧಿ ಮುಗಿದ ರಕ್ತವನ್ನು ತಡೆಯುವ ಗೆರೆ. ಪುಣ್ಯಕ್ಕೆ ಇನ್ನೂ ಏನೂ ಆಗಿರಲಿಲ್ಲ. “ನಾನೇ ಎಳೆದಿದ್ದೆ, ನನ್ನ ಕೈಯಾರೆ ಎಳೆದಿದ್ದೆ,” ಎಂದರು. ಆ ಮಾತನ್ನು ಅಷ್ಟು ತಿಂಗಳಿಂದ ನಾನೊಬ್ಬಳೇ ಹೇಳುತ್ತಿದ್ದೆ.

ಆಮೇಲೆ ಬಿಸ್ಕತ್ತಿನ ತಟ್ಟೆ ಹಾಗೇ ಉಳಿಯಿತು. ಎಲ್ಲರೂ ಸೇರಿ ನಿಮ್ಮ ಕಂಪನಿಗೆ ಬರೆದಿದ್ದಾರೆ: ಮೆನು ತೆಗೆದರೆ ಹೊಸ ಆವೃತ್ತಿ ನಮಗೆ ಬೇಡ, ಎಡಿಟರೇ ಬೇಡ, ಫೋನು ಹಿಡಿದು ಓಡಾಡುತ್ತೇವೆ.

ಕಂಡಕ್ಟರಜ್ಜನಿಗೆ ಮಾತು ಬಂತು. ಡಾಕ್ಟರು ಹಾಸಿಗೆಯ ಹತ್ತಿರ ನಿಂತು, ಹೇಗಿದ್ದೀರಿ ಎಂದು ಕೇಳಿದಾಗ ತೊದಲುತ್ತಾ, “ಒಳಗೆ... ಹೋಗಿ... ದಾರಿ ಬಿಡಿ,” ಎಂದರಂತೆ.

ಅಮ್ಮ ಏನೋ ಬರೆಯುತ್ತಿದ್ದಾರೆ. ಕೇಳಿದರೆ ಕೈ ಅಡ್ಡ ಇಡುತ್ತಾರೆ.

ಕಾಳು

---

ಏಪ್ರಿಲ್ 12

ಇವಳೇ,

ಹೇಗೆ ಕರೆದು ಶುರುಮಾಡಬೇಕೋ ತಿಳಿಯಲಿಲ್ಲ. ಮೂರು ಹಾಳೆ ಹರಿದೆ. ನಾಲ್ಕನೆಯದು ಇದು.

ಮೊನ್ನೆ ನಿನ್ನ ಗಂಡ, ಅಲ್ಲ, ನನ್ನ ಮಗ ಬಂದಿದ್ದ. “ಆ ಹೆಂಗಸಿನ ಮಾತು ಕೇಳಿ ಇವಳು ಹಾಳಾಗ್ತಿದ್ದಾಳೆ, ಕಾಗದ ಬರದ ಹಾಗೆ ನೋಡ್ಕೋ,” ಎಂದ. “ನೀನು ಯಾವ ಹೆಂಗಸಿನ ಮಾತು ಕೇಳಿ ಸುಧಾರಿಸಿದೆಯಪ್ಪ?” ಎಂದೆ. ನನ್ನ ಮನೆಗೆ ಯಾರ ಕಾಗದ ಬರಬೇಕು, ಯಾರ ಕಾಲು ಬರಬೇಕು ಅಂತ ಹೇಳುವವಳು ನಾನು. ಅದನ್ನೂ ಹೇಳಿದೆ. ಆಮೇಲೆ ಬಂದಿಲ್ಲ. ಬರುತ್ತಾನೆ, ಹಸಿವಾದಾಗ.

ಹುಡುಗಿ ಈಗ ಊಟ ಸರಿಯಾಗಿ ಮಾಡುತ್ತಾಳೆ. ಸಹಿ ಹಾಕಿದ್ದರೆ ಮಾಡುತ್ತಿರಲಿಲ್ಲ ಅಂತ ನನಗೆ ತಿಳಿಯುತ್ತದೆ.

ನಿನ್ನ ಮೇಲೆ ನನಗೆ ಸಿಟ್ಟು ಹೋಗಿಲ್ಲ. ನನಗೊಂದು ಮಾತು ಹೇಳದೆ ಹೋದೆ. ಆ ಸಿಟ್ಟನ್ನು ಕಾಗದದಲ್ಲಿ ಬರೆದರೆ ಸಪ್ಪೆಯಾಗುತ್ತದೆ. ಎದುರು ಕೂರಿಸಿಕೊಂಡು ಬೈಯಬೇಕು. ಪುರುಸೊತ್ತು ಇದ್ದಾಗ ಬಂದು ಹೋಗು. ಕೆಲಸ ಹೇಗೂ ಇಲ್ಲವಂತಲ್ಲ.

ಅವಳ ಅಮ್ಮ

---

ಮೇ 5

ಕಾಳೇ,

ಮೆನು ಉಳಿಯಿತು. ನಾನು ಉಳಿಯಲಿಲ್ಲ.

ನಿಮ್ಮ ಸಂಘದ ಪತ್ರದ ಬೆನ್ನಿಗೆ ಬೇರೆ ಊರುಗಳಿಂದಲೂ ಅಂಥವೇ ಬಂದವಂತೆ. ಹೊಸ ಆವೃತ್ತಿಯನ್ನು ತಡೆಹಿಡಿದರು. ಈಗ ಅಚ್ಚುಕಟ್ಟು ಕೇಳದೆ ಏನನ್ನೂ ತೆಗೆಯುವುದಿಲ್ಲ, ಮೆನು ಎಲ್ಲರಿಗೂ ಕಾಣುವ ಹಾಗೆ ಮೇಲಿನ ಸಾಲಿಗೆ ಬಂದಿದೆ. ಇದು ತಮ್ಮದೇ ಯೋಚನೆ ಎಂದು ಮುಖ್ಯಸ್ಥರು ಎಲ್ಲರಿಗೂ ಪ್ರಕಟಣೆ ಕಳಿಸಿದ್ದಾರೆ. ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ನನ್ನನ್ನು ವಾಪಸ್ ಕರೆದರು. ಒಂದೇ ಷರತ್ತು: ‘ಅಜಾಗರೂಕತೆಯಿಂದ ಮಾಹಿತಿ ಹೊರಗೆ ಹೋಯಿತು’ ಎಂದು ಬರೆದುಕೊಡಬೇಕು. “ಅಜಾಗರೂಕತೆ ಅಲ್ಲ, ಬಹಳ ಜಾಗರೂಕತೆಯಿಂದ ಹೇಳಿದ್ದು. ಸ್ಟಾಂಪ್ ಅಂಟಿಸಿ ಪೆಟ್ಟಿಗೆಗೆ ಹಾಕಿದ್ದೆ,” ಎಂದೆ. ಅಲ್ಲಿಗೆ ಮುಗಿಯಿತು. ಮೇಜಿನ ಮೇಲಿನ ಗಿಡವನ್ನು ಎತ್ತಿಕೊಂಡು ಬಂದೆ. ಬಾಗಿಲ ತನಕ ಇಡೀ ವಿಭಾಗ ಬಂತು. ನನ್ನ ಜಾಗಕ್ಕೆ ಕೂರಿಸಿದವರೂ ಬಂದರು. ಅವರೂ ಮೆನು ಕೀಳದೆ ದಿನಕ್ಕೊಂದು ನೆಪ ಹೇಳುತ್ತಿದ್ದರಂತೆ.

ಮುಂದೇನು ಎಂದು ಗೊತ್ತಿಲ್ಲ. ಹೆದರಿಕೆಯಾಗುತ್ತದೆ. ಆದರೆ ಬೆಳಿಗ್ಗೆ ಕನ್ನಡಿ ನೋಡಲು ಹೆದರಿಕೆಯಿಲ್ಲ.

ಅತ್ತೆಗೆ ಹೇಳು, ಭಾನುವಾರ ಬರುತ್ತೇನೆ. ಬೈಗುಳಕ್ಕೆ ಹೊಟ್ಟೆ ಖಾಲಿ ಇಟ್ಟುಕೊಂಡೇ ಬರುತ್ತೇನೆ.

ಅತ್ತಿಗೆ

---

ಮೇ 22

ಅತ್ತಿಗೆ,

ನೀವು ಬಂದು ಹೋದ ದಿನ ಹಿತ್ತಲಲ್ಲಿ ನಿಮಗೂ ಅಮ್ಮನಿಗೂ ಏನು ಮಾತಾಯಿತೋ ನಾನು ಕೇಳುವುದಿಲ್ಲ. ಮೊದಲು ಅಮ್ಮನ ದನಿ ಕೇಳುತ್ತಿತ್ತು, ಆಮೇಲೆ ನಿಮ್ಮದು, ಆಮೇಲೆ ಬಹಳ ಹೊತ್ತು ಎರಡೂ ಇಲ್ಲ. ಒಳಗೆ ಬಂದಾಗ ಇಬ್ಬರ ಮೂಗೂ ಕೆಂಪಾಗಿತ್ತು. ಸಾಕು ನನಗೆ.

ನಿನ್ನೆ ಆಸ್ಪತ್ರೆಯಿಂದ ಕರೆ ಬಂತು. ಆಡಳಿತಾಧಿಕಾರಿ ಲಕೋಟೆ ಕೈಗಿತ್ತು, “ಎಲ್ಲ ಒಳ್ಳೇದೇ ಆಯ್ತಲ್ಲಮ್ಮ,” ಎಂದು ಹಲ್ಲು ಬಿಟ್ಟರು. ಅಲ್ಲಿಯೇ ಬಿಡಿಸಿ ಓದಿದೆ. ‘ತಾಂತ್ರಿಕ ಕಾರಣದಿಂದ ಉಂಟಾದ ಲೋಪದ ಬಗ್ಗೆ ಸಿಬ್ಬಂದಿಯನ್ನು ಕ್ಷಮಿಸಿ, ಕೆಲಸಕ್ಕೆ ಮರಳಲು ಅನುಮತಿಸಲಾಗಿದೆ.’

“ಕ್ಷಮಿಸೋಕೆ ನಾನೇನು ಮಾಡಿದ್ದೆ ಸಾರ್?”

“ಒಂದು ಪದ ಅಷ್ಟೇ ತಾನೇ.”

“ಒಂದೇ ಪದ ಆದ್ರೆ ತೆಗೆಯೋಕೆ ಏನು ಕಷ್ಟ?”

ಆಗುವುದಿಲ್ಲ, ಸಹಿಯಾಗಿದೆ, ಮೊಹರು ಬಿದ್ದಿದೆ ಎಂದರು. ನಾನು ಲಕೋಟೆಯನ್ನು ಅವರ ಮೇಜಿನ ಮೇಲಿಟ್ಟು, ಹೊರಗೆ ಬಂದು, ಅವರ ಬಾಗಿಲೆದುರಿನ ಬೆಂಚಿನ ಮೇಲೆ ಕೂತೆ. ಏನು ಮಾಡುತ್ತಿದ್ದೀಯ ಎಂದರು. ಕೂತಿದ್ದೀನಿ ಎಂದೆ.

ಮಧ್ಯಾಹ್ನ ಅಜ್ಜಿ ಕಂಡಕ್ಟರಜ್ಜನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು, ತಪಾಸಣೆಗೆ. ನನ್ನನ್ನು ನೋಡಿ ನಿಂತು ವಿಷಯ ಕೇಳಿದರು. ಹೇಳಿದೆ. ಗಾಲಿಕುರ್ಚಿಯನ್ನು ಸರಿಯಾಗಿ ಬಾಗಿಲಿಗೆ ಅಡ್ಡ ನಿಲ್ಲಿಸಿ ಪಕ್ಕದಲ್ಲಿ ಕೂತರು. ಚಪ್ಪಲಿ ನೋಡುತ್ತಾ ಮಾತಾಡುತ್ತಿದ್ದ ಲ್ಯಾಬಿನ ಗೆಳತಿಯರು ಒಬ್ಬೊಬ್ಬರಾಗಿ ಟೀ ಹಿಡಿದುಕೊಂಡು ಬಂದರು. ಅಮ್ಮ ಡಬ್ಬಿಯಲ್ಲಿ ಊಟ ತಂದರು. ಯಾರು ಸುದ್ದಿ ಕೊಟ್ಟರೋ. ಆಡಳಿತಾಧಿಕಾರಿ ಎರಡು ಸಲ ಬಾಗಿಲು ತೆರೆದು, ಗಾಲಿಕುರ್ಚಿ ನೋಡಿ, ಮುಚ್ಚಿಕೊಂಡರು. ಕಂಡಕ್ಟರಜ್ಜ ಪ್ರತಿ ಸಲವೂ ಅವರಿಗೆ ಒಂದು ಕೈ ಎತ್ತಿ ನಮಸ್ಕಾರ ಮಾಡಿದರು, ಇನ್ನೊಂದು ಕೈ ಇನ್ನೂ ಏಳುವುದಿಲ್ಲ.

ಬಿಸಿಲು ಕಾರಿಡಾರಿನ ಆ ತುದಿಗೆ ಹೋದ ಮೇಲೆ ಹೊಸ ಆದೇಶ ಬಂತು. ಎಲ್ಲರಿಗೂ ಕೇಳುವ ಹಾಗೆ ಓದಿದೆ. ‘ಮೇಲ್ವಿಚಾರಕಿಯವರ ಕೆಲಸದಲ್ಲಿ ಯಾವ ಲೋಪವೂ ಇರಲಿಲ್ಲ. ಅವರನ್ನು ಅಮಾನತು ಮಾಡಿದ್ದು ಆಡಳಿತದ ತಪ್ಪು.’

ಅಜ್ಜಿ ಮಂಡಿ ಹಿಡಿದುಕೊಂಡು ಏಳುತ್ತಾ, “ಇಷ್ಟು ಬರೆಯೋಕೆ ಇಡೀ ದಿನ ಬೇಕಾಯ್ತಾ ಇವರಿಗೆ?” ಎಂದರು.

ನಾಳೆಯಿಂದ ಬಾ, ಇವತ್ತು ಹೊತ್ತಾಯಿತು ಎಂದು ಗೆಳತಿಯರು ಅಂದರು. ನಾನು ಕೋಟು ಹಾಕಿಕೊಂಡೆ. ಕಂಡಕ್ಟರಜ್ಜನ ರಕ್ತದ ಟ್ಯೂಬು ಸ್ಟ್ಯಾಂಡಿನಲ್ಲಿ ಕಾಯುತ್ತಿತ್ತು. ನಾನೇ ಪರೀಕ್ಷೆ ಮಾಡಿದೆ. ಪೊಟ್ಯಾಸಿಯಂ ನೆಟ್ಟಗಿತ್ತು. ಎಡಿಟರ್ ವರದಿಯನ್ನು ತಾನೇ ಕಳಿಸುತ್ತದೆ, ಕಳಿಸಿತು ಕೂಡ. ಆದರೂ ಒಂದು ಪ್ರತಿ ತೆಗೆದುಕೊಂಡು ಮೆಟ್ಟಿಲಿಳಿದು ಓಡಿ, ಗೇಟಿನ ಹತ್ತಿರ ಆಟೋ ಹತ್ತುತ್ತಿದ್ದ ಅಜ್ಜಿಯ ಕೈಗೇ ಕೊಟ್ಟು ಬಂದೆ.

ನಿಮ್ಮ ನಾದಿನಿ